ಜ್ವಾಲೆ ಆರಿದ ಮೇಲೂ ಮರ ಸುಡುತ್ತಲೇ ಇದ್ದರೆ ಏನೆನ್ನಬೇಕು?

ಬಲ್ಲವರಲ್ಲಿ ಒಂದು ಪ್ರಶ್ನೆ.

ಹುಳು, ಬೂಷ್ಟು ತಾಗದಿರಲೆಂದು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಸಂಯುಕ್ತಗಳನ್ನು ಉಣಿಸಿದ ಮರ ಕಾವಿಗೆ ಹೇಗೆ ಕೆಡುತ್ತದೆ ಎಂಬ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಪೈರಾಲಿಸಿಸ್' ಇದ್ದಲ್ಲೆಲ್ಲ ಮೊದಲು 'ದಹನ' ಎಂದು ಬರೆದು ಇಡೀ ಪುಟ ಹಾಳುಮಾಡಿಕೊಂಡೆ. ದಹನಕ್ಕೆ ಆಮ್ಲಜನಕ ಬೇಕು. ಪೈರಾಲಿಸಿಸ್ ಎಂದರೆ ಕಾವಿಗೆ ವಸ್ತು ಒಡೆದುಹೋಗುವುದು, ಅದಕ್ಕೆ ಕಾವೊಂದೇ ಸಾಕು. ಮರದ ಮುಖ್ಯ ಘಟಕಗಳಲ್ಲಿ ಹೆಮಿಸೆಲ್ಯುಲೋಸ್ ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೇ ಒಡೆಯತೊಡಗುತ್ತದೆ, ಸೆಲ್ಯುಲೋಸ್ 300 ದಾಟಿದ ಮೇಲೆ. ಈಗ 'ಉಷ್ಣವಿಘಟನೆ' ಎಂದು ತಿದ್ದಿದ್ದೇನೆ. 'ವಿಭಜನೆ' ಎಂದರೆ ಆಸ್ತಿ ಪಾಲು ಮಾಡಿದಂತೆ ಕೇಳಿಸುತ್ತದೆ.

ನಿಜವಾದ ತೊಡಕು ಮುಂದಿದೆ. ತಾಮ್ರ, ಕ್ರೋಮಿಯಂಗಳು ಇಲ್ಲಿ ವೇಗವರ್ಧಕಗಳು: ಮರ ಕಡಿಮೆ ಕಾವಿಗೇ ಒಡೆಯುತ್ತದೆ, ಇದ್ದಿಲಿನ ಪಾಲು ಹೆಚ್ಚುತ್ತದೆ, ಆ ಇದ್ದಿಲು ಗಾಳಿಯೊಡನೆ ಸುಲಭವಾಗಿ ಕೂಡುತ್ತದೆ. ಇಂಥ ಮರದ ಬೇಲಿಗೂಟಕ್ಕೆ ಬೆಂಕಿ ತಗುಲಿ ಜ್ವಾಲೆ ಆರಿತೆನ್ನಿ. ಸಾದಾ ಮರವಾದರೆ ಮೈ ಕರಕಲಾಗಿ ಅಲ್ಲಿಗೇ ನಿಲ್ಲಬಹುದು. ಇದು ನಿಲ್ಲುವುದಿಲ್ಲ. ಬಿರುಕಿನೊಳಗೆ ಕೆಂಪು ಗೆರೆಯೊಂದು ತೆವಳುತ್ತಾ ಹೋಗಿ, ಗಂಟೆಗಟ್ಟಲೆ ಕಳೆದ ಮೇಲೆ ಗೂಟವಿದ್ದಲ್ಲಿ ಬೂದಿಯಷ್ಟೇ ಉಳಿಯುತ್ತದೆ.

ಇದಕ್ಕೆ ಪದ? 'ಹೊಗೆಯಾಡುವುದು' ಸಲ್ಲದು, ಹೊಗೆ ಇಲ್ಲಿ ನೆಪಮಾತ್ರಕ್ಕೆ. ಮೇಲಾಗಿ ಆರ್ಸೆನಿಕ್‌ನ ಒಂದು ಪಾಲು ಆಕ್ಸೈಡಿನ ಆವಿಯಾಗಿ ಹೊರಬೀಳುವುದರಿಂದ, ಹೊಗೆ ಕಾಣದಿದ್ದರೆ ಭಯವಿಲ್ಲ ಎಂದು ಓದುಗರು ತಿಳಿದರೆ ಕಷ್ಟ. 'ಬೇಗುದಿ'ಯನ್ನು ಮನಸ್ಸಿನ ಸಂಕಟಕ್ಕೆ ಬಿಟ್ಟುಕೊಟ್ಟಾಗಿದೆ, 'ಕನಲು' ಎಂದರೆ ಸಿಟ್ಟು. 'ಬೂದಿ ಮುಚ್ಚಿದ ಕೆಂಡ' ಚಿತ್ರವಾಗಿ ಕರಾರುವಾಕ್ಕು, ಆದರೆ ಅದು ಸ್ಥಿತಿ. ನನಗೆ ಬೇಕಾದದ್ದು ನಡೆಯುತ್ತಿರುವ ಕ್ರಿಯೆ.

ಸದ್ಯಕ್ಕೆ 'ಕೆಂಡದುರಿ' ಎಂದಿಟ್ಟುಕೊಂಡಿದ್ದೇನೆ. 'ಬೋರಾನ್ ಸಂಯುಕ್ತಗಳು ಕೆಂಡದುರಿಯನ್ನು ಅಡಗಿಸುತ್ತವೆ' ಎಂಬಂಥ ವಾಕ್ಯದಲ್ಲಿ ಸರಾಗವಾಗಿ ಕೂರುತ್ತದೆ. ಉರಿ ಎಂದರೆ ಜ್ವಾಲೆಯಲ್ಲವೇ ಎಂದು ಗೆಳೆಯರೊಬ್ಬರು ತಕರಾರು ತೆಗೆದರು. ಕಣ್ಣುರಿಗೆ, ಹೊಟ್ಟೆಯುರಿಗೆ ಜ್ವಾಲೆ ಎಲ್ಲಿದೆ ಎಂದು ಕೇಳಿದೆ, ಒಪ್ಪಿದಂತೆ ಕಾಣಲಿಲ್ಲ.

ಕ್ರಿಯಾಪದ ಮಾತ್ರ ಇನ್ನೂ ಸಿಕ್ಕಿಲ್ಲ. 'ಗೂಟ ಕೆಂಡದುರಿಯುತ್ತಿದೆ' ಎಂದು ಬರೆಯಲು ಕೈ ಬಾರದು. ಕುಲುಮೆಯವರ, ಇದ್ದಿಲು ಸುಡುವವರ ಮಾತಿನಲ್ಲಿ ಒಂಟಿ ಪದವೇನಾದರೂ ಇದೆಯೇ?