ಕುಡಿತ ಮರೆಯಲು ಗರಡಿಯೋ ಕರಾಟೆಯೋ? ಅನುಭವವಿದ್ದವರು ತಿಳಿಸಿ

ದಾವಣಗೆರೆ, ವಯಸ್ಸು 38. ಹನ್ನೊಂದು ವರ್ಷ ದಿನಾ ಸಂಜೆ ಒಂದು ಕ್ವಾರ್ಟರ್. ಬಿಟ್ಟು ಐದು ವಾರವಾಯಿತು, ವೈದ್ಯರ ಮಾತ್ರೆ ನಡೆಯುತ್ತಿದೆ. ಏಳು ಗಂಟೆಯಾದರೆ ಕಾಲು ತಾನಾಗಿಯೇ ಬಾರಿನ ಕಡೆ ತಿರುಗುತ್ತದೆ. ಆ ಹೊತ್ತಿಗೆ ಏನಾದರೂ ಕಲಿಯಬೇಕೆಂದಿದ್ದೇನೆ. ಎಡಮಂಡಿ ನೋವಿದೆ.

ಮೈಸೂರಿನ ಮಟ್ಟಿ:
ಗರಡಿಗೇ ಹೋಗಿ. ಬೆಳಗಿನ ನಾಲ್ಕೂವರೆಗೆ ಮಟ್ಟಿ, ಅಂದರೆ ಕುಸ್ತಿಯಾಡುವ ಮಣ್ಣು, ಅಗೆಯಬೇಕು. ರಾತ್ರಿ ಕುಡಿದವನ ಗುಟ್ಟು ಗುದ್ದಲಿ ಹಿಡಿದ ಕೂಡಲೇ ಬಯಲಾಗುತ್ತದೆ. ನಮ್ಮ ಉಸ್ತಾದರು ಬಾಯಿ ಮೂಸಿಯೇ ಒಳಗೆ ಬಿಡುತ್ತಿದ್ದರು. ಮೊದಲ ದಿನ ಐವತ್ತು ಬಸ್ಕಿ ಹೊಡೆದು ಮೂರು ದಿನ ಮೆಟ್ಟಿಲು ಇಳಿಯಲಾಗಲಿಲ್ಲ. ಗರಡಿಗೆ ಶುಲ್ಕವಿಲ್ಲ, ಹೊಟ್ಟೆಗೆ ಇದೆ: ಹಾಲು, ಬಾದಾಮಿ, ತುಪ್ಪ ಸೇರಿ 2011ರಲ್ಲೇ ತಿಂಗಳಿಗೆ 5,200. ಕುಡಿತಕ್ಕೆ ಆಗುತ್ತಿದ್ದುದು 4,500. ಉಳಿಸಿದ್ದೇನು ಎಂದು ಹೆಂಡತಿ ಕೇಳಿದಳು. ಎರಡನೆಯ ವರ್ಷ ದಸರಾ ಕುಸ್ತಿಗೆ ಜೋಡಿ ಕಟ್ಟಿದರು. ಗೆದ್ದೆ. ಗೆದ್ದ ರಾತ್ರಿಯೇ ಕುಡಿದೆ. ಸೋತಿದ್ದರೆ ಕುಡಿಯುತ್ತಿರಲಿಲ್ಲವೇನೋ. ಉಸ್ತಾದರು ನಲವತ್ತು ದಿನ ಮಟ್ಟಿಗೆ ಇಳಿಸಲಿಲ್ಲ, ಕಸ ಗುಡಿಸಿದೆ. ಆಮೇಲೆ ಮುಟ್ಟಿಲ್ಲ.

ಹುಬ್ಬಳ್ಳಿಯ ಕಂದು ಪಟ್ಟಿ:
ಗರಡಿಯವರ ಜಂಬ ಹೊಸದಲ್ಲ. ನನ್ನದು ಗುಟ್ಕಾ, ಹದಿನಾರು ವರ್ಷ. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ಗುಟ್ಕಾ ಇಟ್ಟುಕೊಂಡು ಕಿಯಾಯ್, ಅಂದರೆ ಕರಾಟೆಯಲ್ಲಿ ಏಟಿನ ಜೊತೆ ಹಾಕುವ ಕೂಗು, ಕೂಗಲಾಗುವುದಿಲ್ಲ, ಅದೇ ನನ್ನನ್ನು ಉಳಿಸಿತು. ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ಬಿಳಿ ಪಟ್ಟಿ ಕಟ್ಟಿ ನಿಂತಾಗ ನನಗೆ 41. ಹೊಸಬರಿಗೆ ಕಲಿಸುವ ಹೇಯಾನ್ ಶೋದಾನ್ ಎಂಬ ಕರಾಟೆ ವರಸೆಯ 21 ಚಲನೆಗಳಿಗೆ ನಾಲ್ಕು ತಿಂಗಳು ಹಿಡಿಯಿತು. ಪಕ್ಕದ ಹುಡುಗಿ ಎರಡು ವಾರದಲ್ಲಿ ಕಲಿತಳು. ಉಡುಪು 1,650, ಹಳದಿ ಪಟ್ಟಿಯ ಪರೀಕ್ಷೆ 600, ಹಸಿರು 800, ಕಂದು 2,500. ಕಂದಿನಲ್ಲಿ ನಪಾಸಾಗಿ ಇನ್ನೊಮ್ಮೆ 2,500.

ಮೈಸೂರಿನ ಮಟ್ಟಿ:
ಅಂದರೆ ಪಟ್ಟಿ ಕೊಂಡಿರಿ. ಮಟ್ಟಿಯಲ್ಲಿ ಬೆನ್ನು ನೆಲಕ್ಕೆ ತಾಗಿತೋ ಇಲ್ಲವೋ, ಅಷ್ಟೇ.

ಕಂದು ಪಟ್ಟಿ:
ಕೊಂಡಿದ್ದರೆ ನಪಾಸಾಗುತ್ತಿದ್ದೆನೇ? ಆ ಮಣ್ಣಿನಿಂದ ನನ್ನ ಭಾವನಿಗೆ ಹುಳುಕಡ್ಡಿ ಹತ್ತಿ ಆರು ತಿಂಗಳು ಮುಲಾಮು ಹಚ್ಚಿದರು.

ಶಿವಮೊಗ್ಗದ ತಂಗಿ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ಬೆವರಿಳಿಸಿದರೆ ಸಾಕು, ಮಾತ್ರೆ ಏಕೆ ಎನ್ನುವ ನಿಮ್ಮಂಥವರ ಮಾತು ಕೇಳಿ ನಮ್ಮಣ್ಣ ಒಂದೇ ದಿನಕ್ಕೆ ಕುಡಿತ ನಿಲ್ಲಿಸಿದ. ಎರಡನೆಯ ದಿನ ಫಿಟ್ಸ್. ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತಿದ್ದ. ಐಸಿಯುನಲ್ಲಿ ಆರು ದಿನ, 1,12,640 ರೂಪಾಯಿ. ರಸೀದಿ ಇನ್ನೂ ನನ್ನ ಬೀರುವಿನಲ್ಲಿದೆ. ಆಮೇಲೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಈಗ ಜೂಡೊ ಆಡುತ್ತಾನೆ. ಜೂಡೊವೇ ಬಿಡಿಸಿತು ಎಂದು ಊರಿಗೆಲ್ಲ ಹೇಳುತ್ತಾನೆ. ಎರಡು ವರ್ಷ ಬೆಳಗ್ಗೆ ಮಾತ್ರೆ ಎಣಿಸಿ ಕೊಟ್ಟವಳು ನಾನು.

ಮೈಸೂರಿನ ಮಟ್ಟಿ:
ತಂಗಿ, ಮಾತ್ರೆ ಬೇಡವೆಂದು ನಾನೆಲ್ಲಿ ಹೇಳಿದೆ? ಹುಳುಕಡ್ಡಿಯ ಮಾತಿಗೆ ಮಾತ್ರ ಉತ್ತರ: ಮಟ್ಟಿಗೆ ಅರಿಸಿನ, ಕರ್ಪೂರ ಸುಮ್ಮನೆ ಬೆರೆಸುತ್ತಾರೆಯೇ? ನಿಮ್ಮ ರಬ್ಬರ್ ಹಾಸನ್ನು ಒರೆಸುವವರು ಯಾರು?

ಕಂದು ಪಟ್ಟಿ:
ನಾವೇ ಒರೆಸುತ್ತೇವೆ. ಫಿನೈಲ್ ಹಾಕಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ನನ್ನ ಮಂಡಿಯ ವಿಷಯ...

ಮೈಸೂರಿನ ಮಟ್ಟಿ:
ಮಂಡಿ ಆಮೇಲೆ. ಹುಳುಕಡ್ಡಿ ಎಂದವರು ಮೊದಲು ಕ್ಷಮೆ ಕೇಳಲಿ.