ನಾಯಿಯನ್ನು ಜರ್ಮನಿಗೆ ಕರೆದೊಯ್ಯಲು ಮೂರು ತಿಂಗಳು ಸಾಕಾ?

ಕೇಳಿದ್ದು, ಮಣಿಪಾಲದಿಂದ: ಮೂರು ವರ್ಷದ ಊರ ನಾಯಿ. ರೇಬೀಸ್ ಲಸಿಕೆ ವರ್ಷ ವರ್ಷ ಹಾಕಿಸಿದ್ದು ಪುಸ್ತಕದಲ್ಲಿ ಉಂಟು, ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್) ಇಲ್ಲ. ಇನ್ನು ಮೂರು ತಿಂಗಳಲ್ಲಿ ಮಗಳು ಜರ್ಮನಿಗೆ ಹೊರಡುತ್ತಾಳೆ, ನಾಯಿಯೂ ಜತೆಗೆ. ಎಲ್ಲಿಂದ ಶುರು ಮಾಡುವುದು?

ಕದ್ರಿಯಿಂದ: ಸಾಲುವುದಿಲ್ಲ ಮಾರಾಯ್ರೆ. ಚಿಪ್‌ಗೆ ಮೊದಲು ಹಾಕಿಸಿದ ರೇಬೀಸ್ ಲಸಿಕೆಯನ್ನು ಐರೋಪ್ಯ ಒಕ್ಕೂಟ ಲೆಕ್ಕಕ್ಕೇ ಹಿಡಿಯುವುದಿಲ್ಲ. 15 ಅಂಕಿಯ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡದ) ಚಿಪ್ ಹಾಕಿಸಿ, ಅದೇ ದಿನ ಬೇಕಾದರೆ ಲಸಿಕೆಯೂ ಆಗಲಿ, ಆದರೆ ಚಿಪ್ ಮೊದಲು. ಲಸಿಕೆಯಿಂದ 30 ದಿನ ಕಳೆದ ಮೇಲೆ, ಲಸಿಕೆ ಹಿಡಿದಿದೆಯೋ ಎಂದು ನೋಡುವ ರಕ್ತಪರೀಕ್ಷೆ. ಒಕ್ಕೂಟ ಒಪ್ಪಿದ ಲ್ಯಾಬ್‌ನಲ್ಲೇ ಆಗಬೇಕು, ರೇಬೀಸ್ ತಡೆಯುವ ಪ್ರತಿಕಾಯ ಮಿ.ಲೀ.ಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಬರಬೇಕು. ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು. ಎಲ್ಲ ಸುಸೂತ್ರವಾದರೂ ನಾಲ್ಕು ತಿಂಗಳಾಯಿತು.

ಚಿಪ್ ಹಾಕಿದ ಕೂಡಲೇ ಸ್ಕ್ಯಾನರ್ ಹಿಡಿಸಿ, ಚಿಪ್ ಜತೆ ಬರುವ ಸ್ಟಿಕ್ಕರ್‌ನ ಸಂಖ್ಯೆ ತಾಳೆ ನೋಡಿ. ಲಸಿಕೆ ಪುಟ, ರಕ್ತದ ಫಾರ್ಮ್ ಎರಡರಲ್ಲೂ ಅದೇ ಸಂಖ್ಯೆ ಇರಲಿ. ಒಂದು ಅಂಕಿ ತಪ್ಪಿದರೂ ವರದಿ ಯಾರದ್ದೋ ನಾಯಿಯದ್ದಾಗುತ್ತದೆ.

ಕುಂದಾಪುರದಿಂದ: ರಕ್ತವನ್ನು ಹಾಗೇ ಫ್ರೀಜರಿಗೆ ಹಾಕಬೇಡಿ, ಕಣ ಒಡೆದು ಮಾದರಿ ಕೆಡುತ್ತದೆ. ಸೀರಂ (ರಕ್ತದ ತಿಳಿ ದ್ರವ) ಬೇರ್ಪಡಿಸಿ ಐಸ್‌ಪ್ಯಾಕಿನಲ್ಲಿ ಕಳಿಸಿ. ಮುಂದಿನ ರೇಬೀಸ್ ಬೂಸ್ಟರ್ ಲಸಿಕೆಯ ದಿನ ಮೀರಿದರೆ ಈ ವರದಿಯೂ ಹೋಯಿತು, ಮತ್ತೆ ಮೊದಲಿನಿಂದ.

ಉಡುಪಿಯಿಂದ: ಊರಿನ ಡಾಕ್ಟರ ಫಿಟ್‌ನೆಸ್ ಚೀಟಿ ಒಂದೇ ಸಾಲದು. ಕೇಂದ್ರ ಸರಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಆರೋಗ್ಯ ಪ್ರಮಾಣಪತ್ರ ಬೇಕು. ಮಂಗಳೂರಿನಲ್ಲಿ ಅದಿಲ್ಲ, ನಮಗೆ ಬೆಂಗಳೂರೇ ಗತಿ. ಮೊದಲು ಇಳಿಯುವುದು ಜರ್ಮನಿಯಲ್ಲಾದರೆ ಪತ್ರ ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕು. ಪತ್ರ ಕೈಗೆ ಬಂದು 10 ದಿನದೊಳಗೆ ಯುರೋಪ್ ಮುಟ್ಟಬೇಕು, ಆದ್ದರಿಂದ ಟಿಕೆಟ್ ಖಚಿತವಾದ ಮೇಲೆ ಮಾಡಿಸಿ. ಮಳೆಗಾಲವಾದರೆ ಶಿರಾಡಿ ಘಾಟಿಯನ್ನು ನಂಬಿ ಹಿಂದಿನ ರಾತ್ರಿ ಹೊರಡಬೇಡಿ, ಎರಡು ದಿನ ಮೊದಲೇ ಬೆಂಗಳೂರು ಸೇರಿ.

ವಿಮಾನದಲ್ಲಿ ನಾಯಿಯನ್ನು ಇಡುವ ಕ್ರೇಟ್ (ಪೆಟ್ಟಿಗೆ) ಈಗಲೇ ತನ್ನಿ. ಉದ್ದ ಹೀಗೆ: ಮೂಗಿನಿಂದ ಬಾಲದ ಬುಡದವರೆಗಿನ ಅಳತೆ, ಅದಕ್ಕೆ ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿ. ನಿಂತಾಗ ಕಿವಿ ಮೇಲೆ ತಾಗಬಾರದು. ಊಟ ಅದರೊಳಗೇ ಹಾಕಿ ರೂಢಿ ಮಾಡಿಸಿ. ನಿದ್ದೆ ಮಾತ್ರೆ ಮಾತ್ರ ಕೊಡಲೇಬೇಡಿ. ಉಸಿರಾಟ, ರಕ್ತದೊತ್ತಡ ಎರಡಕ್ಕೂ ಅಪಾಯ.

ಮಣಿಪಾಲದಿಂದ: ಹಾಗಾದರೆ ಮಗಳು ಮೊದಲು ಹೋಗಿ, ನಾಯಿಯನ್ನು ಒಂದು ತಿಂಗಳು ಬಿಟ್ಟು ಕಳಿಸಿದರೆ ಆಗುತ್ತದಾ?

ಕದ್ರಿಯಿಂದ: ಒಡೆಯರ ಪ್ರಯಾಣಕ್ಕೂ ನಾಯಿಯದ್ದಕ್ಕೂ 5 ದಿನಕ್ಕಿಂತ ಹೆಚ್ಚು ಅಂತರವಾದರೆ ಅದು ವ್ಯಾಪಾರಿ ಸಾಗಣೆಯ ನಿಯಮಕ್ಕೆ ಬರುತ್ತದೆ, ಕಾಗದ ಬೇರೆ, ಖರ್ಚು ಬೇರೆ. ಮಗಳ ಟಿಕೆಟನ್ನೇ ಮುಂದೂಡಿ, ಇಲ್ಲವೇ ಅವಳೇ ಒಮ್ಮೆ ಬಂದು ಕರಕೊಂಡು ಹೋಗಲಿ.