ಸಹಾಯ ಬೇಕು: ವರ್ಡ್‌ಪ್ರೆಸ್ ಪುಟದ ಒಂದು ಸಾಲು ಯಾವಾಗ ಬದಲಾಯಿತೆಂದು ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಾವು ಮೂವರು ಸೇರಿ ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಜಿಲ್ಲೆಯ ನೀರಾವರಿ ಕುರಿತ ಪುಟ್ಟ ಜಾಲತಾಣ ನಡೆಸುತ್ತೇವೆ. ಕೆಆರ್‌ಎಸ್ ಪುಟದಲ್ಲಿ ಗರಿಷ್ಠ ಮಟ್ಟ 124.80 ಅಡಿ ಎಂದಿದ್ದದ್ದು ಹೇಗೋ 142.80 ಆಗಿತ್ತು. ಓದುಗರೊಬ್ಬರು ಫೋನ್ ಮಾಡಿ, "ಅಣೆಕಟ್ಟೆಯನ್ನು ಯಾವಾಗ ಎತ್ತರಿಸಿದಿರಿ ಸ್ವಾಮಿ?" ಎಂದು ಕೇಳಿದಾಗಲೇ ನಮಗೆ ಗೊತ್ತಾದದ್ದು.

ಸಂಖ್ಯೆಯನ್ನೇನೋ ತಿದ್ದಿದೆವು. ಆದರೆ ಅದೇ ಸಲ ಇನ್ನೇನು ಕೆಟ್ಟಿದೆಯೋ ನೋಡಬೇಕು. ಪರಿಷ್ಕರಣೆಗಳನ್ನು (ಪುಟವನ್ನು ತಿದ್ದಿ ಉಳಿಸಿದಾಗ ಉಳಿದುಕೊಳ್ಳುವ ಪ್ರತಿಗಳನ್ನು) ತೆರೆದರೆ 87 ಇವೆ. ಪ್ರತಿಯೊಂದರಲ್ಲೂ ಹೆಸರು, ಸಮಯ ಅಷ್ಟೇ. ಏನು ಬದಲಾಯಿತು, ಏಕೆ ಎಂಬ ಟಿಪ್ಪಣಿ ಇಲ್ಲ. ಹೆಸರೂ ಒಂದೇ, ಏಕೆಂದರೆ ಮೂವರೂ ಒಂದೇ ಖಾತೆಯಲ್ಲಿ ಕೆಲಸ ಮಾಡುತ್ತಿದ್ದೆವು (ಬೈಯಬೇಡಿ, ಈಗ ಬೇರೆ ಬೇರೆ ಮಾಡಿಕೊಂಡಿದ್ದೇವೆ).

ಮೇಲಿನ ಗುಂಡಿಯನ್ನು ಎಳೆದೆಳೆದು ಒಂದೊಂದನ್ನೇ ನೋಡಿದೆ. ಮೂವತ್ತು ದಾಟುವಷ್ಟರಲ್ಲಿ ಕಣ್ಣು ಮಂಜಾಯಿತು. ಹೆಚ್ಚಿನವು ಅಲ್ಪವಿರಾಮದ ತಿದ್ದುಪಡಿಗಳು. ಯಾವುದಾದರೂ ಎರಡನ್ನು ಹೋಲಿಸುವ ಆಯ್ಕೆಯನ್ನೂ ಬಳಸಿದೆ. ಯಾವ ಎರಡು ಎಂಬುದೇ ತಿಳಿಯದಿದ್ದರೆ ಅದರಿಂದೇನು ಪ್ರಯೋಜನ? ಹಳೆಯ ಪ್ರತಿಯೊಂದನ್ನು ಮರಳಿ ತಂದರೆ, ಆಮೇಲೆ ಸೇರಿಸಿದ ನಾಲೆಗಳ ಪಟ್ಟಿಯೇ ಮಾಯವಾಯಿತು. ಗಾಬರಿಯಿಂದ ಮತ್ತೆ ಹೊಸದಕ್ಕೇ ಮರಳಿದೆ.

ಕನ್ನಡ ವಿಕಿಪೀಡಿಯದಲ್ಲಿ ಉಳಿಸುವ ಮುನ್ನ ಸಾರಾಂಶ ಬರೆಯುವ ಜಾಗವಿರುತ್ತದೆ. ಅಂಥದ್ದೇ ಬೇಕು.

ನನ್ನ ಪ್ರಶ್ನೆ ಎರಡು. "142.80" ಎಂಬುದು ಮೊದಲು ಕಾಣಿಸಿಕೊಂಡ ಪರಿಷ್ಕರಣೆಯನ್ನು ನೇರವಾಗಿ ಹುಡುಕುವ ದಾರಿ ಇದೆಯೇ? ಇನ್ನು ಮುಂದೆ ಪ್ರತಿ ಪರಿಷ್ಕರಣೆಗೂ ಒಂದು ಸಾಲಿನ ಟಿಪ್ಪಣಿ ಸೇರಿಸಲು ನೀವು ಯಾವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಬಳಸುತ್ತಿದ್ದೀರಿ?